ನೋವಿಲ್ಲದ ಕಾಲು

ಮಂಡ್ಯದ ವಿ.ಸಿ. ಫಾರಂನ ಗದ್ದೆಯಲ್ಲಿ ನಾಟಿ ಮುಗಿಸಿ ಬಂದ ದೇವಿರಮ್ಮ ಕಾಲಿನ ಕೆಸರು ತೊಳೆದುಕೊಂಡು, ಜಗಲಿಯ ಮೇಲೆ ಕೂತಿದ್ದ ಕೋಚ್ ಮಹದೇವುಗೆ ಟೀ ತಂದುಕೊಟ್ಟಳು. ಭಾನುವಾರ ಮಳವಳ್ಳಿಯಲ್ಲಿ ಹುಡುಗಿಯರ ಫುಟ್‌ಬಾಲ್ ಫೈನಲ್. ಅವಳ ಮಗಳು ದೀಪಿಕ ಎಷ್ಟು ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಬರಬೇಕೆಂದು ಹೇಳಿಹೋಗಲು ಅವನು ಬಂದಿದ್ದ.

"ಅವತ್ತು ಕಾಲು ಊದ್ಕಂಡು ಅಳ್ತಾ ಬಂದಿದ್ಲು ಸಾ. ನೀವು ಕೊಟ್ಟ ಮಾತ್ರೆ ನುಂಗಿ ಮಾರನೇ ದಿನ ಕುದ್ರೆ ಅಂಗೆ ಓಡುದ್ಲು." ದೇವಿರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಸಂಕೋಚದಿಂದ ದನಿ ತಗ್ಗಿಸಿದಳು. "ಅದೇ ಮಾತ್ರೆ ನಂಗೂ ಕೊಡ್ತೀರಾ? ಬಗ್ಗಿ ಬಗ್ಗಿ ಸೊಂಟ ಇಡ್ಕಂಡದೆ."

ಮಹದೇವು ಟೀ ಲೋಟ ಕೆಳಗಿಟ್ಟ.

ಒಂದು ಕಾಲದಲ್ಲಿ ಅವನು ಬೆಂಗಳೂರಿನ ಕ್ಲಬ್ಬೊಂದರ ಹೆಸರಾಂತ ಸ್ಟ್ರೈಕರ್. ಚೆಂಡು ಅವನ ಕಾಲಿಗೆ ಬಂದರೆ ಸಾಕು, ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಮಂಡಿ ನೋಯಲು ಶುರುವಾದಾಗ ನೋವು ಮರೆಸುವ ಇಂಜೆಕ್ಷನ್ ಚುಚ್ಚಿ ಮೈದಾನಕ್ಕಿಳಿಸುತ್ತಿದ್ದರು. ಅವನೂ ಬೇಡವೆನ್ನಲಿಲ್ಲ. ಮೂವತ್ತು ತುಂಬುವ ಮೊದಲೇ ಮಂಡಿ ಕೈಕೊಟ್ಟಿತು. ಕ್ಲಬ್ಬಿನವರು ಅವನ ಜಾಗಕ್ಕೆ ಬೇರೆಯವನನ್ನು ತಂದರು. ಮಂಡ್ಯಕ್ಕೆ ಮರಳಿ ತರಬೇತಿ ಕೊಡಲು ನಿಂತ ಮೇಲೆ ಈ ಹುಡುಗಿಯರು ಒಂದೊಂದೇ ಪಂದ್ಯ ಗೆಲ್ಲುತ್ತಾ ಹೋದಂತೆ, ಅವನಿಗೆ ಕಳೆದುಹೋದ ಹೆಸರು ಮತ್ತೆ ಸಿಕ್ಕಂತಾಗಿತ್ತು. ಸೆಮಿಫೈನಲ್‌ಗೆ ಮುನ್ನ ದೀಪಿಕ ಕುಂಟುತ್ತಾ ಬಂದಾಗ ಅವಳ ಪಾದವನ್ನು ಮುಟ್ಟಿ ಕೂಡ ನೋಡದೆ ಮಾತ್ರೆ ಕೊಟ್ಟಿದ್ದ.

"ದೇವಿರಮ್ಮ, ನೋವು ವಾಸಿಯಾಗಿಲ್ಲ. ಅವಳಿಗೆ ಗೊತ್ತಾಗದ ಹಾಗೆ ಮಾಡ್ದೆ ಅಷ್ಟೆ," ಎಂದ, ತಲೆ ಎತ್ತದೆ. "ಒಳಗೆ ಏನಾಗಿದ್ಯೋ ನಂಗೂ ಗೊತ್ತಿಲ್ಲ."

ದೇವಿರಮ್ಮ ಅವನನ್ನೇ ನೋಡುತ್ತಾ ನಿಂತಳು. "ನೀವು ತಿಳ್ದೋರು ಅಂತ ಸುಮ್ನಿದ್ದೆನಲ್ಲಾ ಸಾ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ತಾಯಿ ಮಗಳನ್ನು ಅವನೇ ಆಸ್ಪತ್ರೆಗೆ ಕರೆದೊಯ್ದ. ಪಾದದ ಮೂಳೆ ಬಿರುಕು ಬಿಟ್ಟಿತ್ತು. ಇನ್ನೊಂದು ಪಂದ್ಯ ಆಡಿದ್ದರೆ ಮುರಿದೇ ಹೋಗುತ್ತಿತ್ತು ಎಂದರು ಡಾಕ್ಟರು. ಬ್ಯಾಂಡೇಜು ಹಾಕುವಾಗ ದೀಪಿಕ ಸಿಟ್ಟಿನಿಂದ ಅತ್ತಳು.

"ರಾಜ್ಯ ತಂಡಕ್ಕೆ ಆರ್ಸೋರು ಬತ್ತಾವ್ರೆ ಸಾ. ಇದೊಂದು ಮ್ಯಾಚು ಆಡ್ಕತೀನಿ, ಬುಡಿ. ನೀವು ಇಂಜೆಕ್ಷನ್ ಚುಚ್ಚುಸ್ಕಂಡು ಎಸ್ರು ಮಾಡುದ್ರಿ. ನನ್ ಸರದಿ ಬಂದಾಗ ಬ್ಯಾಡ ಅಂತೀರ!"

"ಹೌದು ಕಣಮ್ಮ. ಆ ಹೆಸರಿನ ಆಸೆಗೇ ನಿನ್ ಕಾಲು ನೋಡ್ಲಿಲ್ಲ ನಾನು."

ಅವಳು ಮುಖ ತಿರುಗಿಸಿಕೊಂಡಳು.

ಭಾನುವಾರ ದೀಪಿಕ ಬಂದಳು, ಆದರೆ ಅವನಿಂದ ದೂರವೇ ಕೂತಳು. ಪಂದ್ಯದ ಕೊನೆಯ ಹೊತ್ತಿಗೆ ಮಂಡ್ಯದವರು ಒಂದು ಗೋಲಿನಿಂದ ಹಿಂದಿದ್ದರು. ಬದಲಿ ಆಟಗಾರ್ತಿಯರೆಲ್ಲ ಆಗಲೇ ಇಳಿದಾಗಿತ್ತು. ಅಷ್ಟರಲ್ಲಿ ವೀಣ ಎಂಬ ಹುಡುಗಿ ಕಾಲು ಉಳುಕಿಸಿಕೊಂಡು ಗೆರೆಯ ಬಳಿ ಬಂದು, "ಮಾತ್ರೆ ಕೊಡಿ ಸಾ, ಆಡ್ತೀನಿ," ಎಂದಳು.

ಮಹದೇವು ಅವಳ ತೋಳು ಹಿಡಿದು ಹೊರಗೆ ಕೂರಿಸಿ, ಪಾದಕ್ಕೆ ಐಸ್ ಇಟ್ಟ. ಉಳಿದ ಹತ್ತು ಮಂದಿ ಆಡಿ ಸೋತರು.

"ಏನ್ಲಾ ಮಹದೇವು, ಫೈನಲ್‌ಗಂಟ ಬಂದು ಕಪ್ಪು ಕಳ್ದ್‌ಬುಟ್ಟಲ್ಲಾ!" ಮಂಡ್ಯ ಕ್ಲಬ್ಬಿನ ಅಧ್ಯಕ್ಷ ಶಿವರಾಮು ಎಲ್ಲರೆದುರೇ ರೇಗಿದ.

"ಕಳ್ದೆ ಕಣಪ್ಪ," ಎಂದನಷ್ಟೇ ಮಹದೇವು.

ವಾಪಸು ಬರುವಾಗ ಬಸ್ಸಿನಲ್ಲಿ ದೀಪಿಕ ಸೀಟಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮದ್ದೂರಿನಲ್ಲಿ ಜನ ನುಗ್ಗಿದರು. ಯಾರೂ ಆ ಕಾಲಿಗೆ ತಾಗದಂತೆ ಮಹದೇವು ಚೆಂಡಿನ ಚೀಲ ಹೆಗಲಿಗೇರಿಸಿಕೊಂಡು ಅಡ್ಡ ನಿಂತ. ಹಳೆಯ ಮಂಡಿ ನೋಯತೊಡಗಿದಾಗ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದ.

ದೀಪಿಕ ಕಿಟಕಿಯಾಚೆ ನೋಡುತ್ತಲೇ ಕೇಳಿದಳು. "ವಾಸಿಯಾದ್ಮೇಲೆ ಆಡುಸ್ತೀರಾ?"

"ಡಾಕ್ಟ್ರು ಹೂಂ ಅಂದ್ಮೇಲೆ."

"ತಿರ್ಗಾ ನೋವು ಬಂದ್ರೆ?"

"ಹೇಳು. ನಿಲ್ಲಿಸೋಣ."

ಅವಳು ಕೈ ಚಾಚಿ ಅವನ ಹೆಗಲಿನ ಚೀಲ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.