ಮೇಡಂ ಬೇಡ ಅಂದರಂತೆ

ಪ್ರೂಫ್ ನೋಡುವಾಗ ಮೇಡಂ ಯಾರೊಂದಿಗೂ ಮಾತಾಡುವುದಿಲ್ಲ. ವೈದ್ಯರು ವೈದ್ಯರಿಗಾಗಿ ಬರೆಯುವ ಪತ್ರಿಕೆ ಅದು. ದಶಾಂಶದ ಒಂದು ಚುಕ್ಕಿ ಆಚೀಚೆಯಾದರೆ ಎಲ್ಲೋ ಒಬ್ಬ ರೋಗಿಯ ಹೊಟ್ಟೆಗೆ ಹತ್ತು ಪಟ್ಟು ಔಷಧಿ ಬೀಳುತ್ತದೆ. ಆಕೆಯೂ ಡಾಕ್ಟರೇ: ಬೆಳಿಗ್ಗೆ ಕಿಡ್ನಿ ವಾರ್ಡು, ಮಧ್ಯಾಹ್ನದ ಮೇಲೆ ಆಸ್ಪತ್ರೆಯ ಹಿಂಬದಿಯ ಈ ಕಿಷ್ಕಿಂಧೆಯಂಥ ಕೋಣೆ. ಹನ್ನೊಂದು ವರ್ಷದಿಂದ ಆಕೆ ಇಲ್ಲಿ ಉಪಸಂಪಾದಕಿ. ಪ್ರಧಾನ ಸಂಪಾದಕರಾದ ದೊಡ್ಡ ಡಾಕ್ಟರು ಆಗಾಗ ಬಂದು, ಚಹಾ ಕುಡಿದು, ಸಹಿ ಹಾಕಿ ಹೋಗುವರು. ಲೇಖನ ಆರಿಸುವುದು, ಅದನ್ನು ಓದಿ ಅಭಿಪ್ರಾಯ ಕೊಡಿ ಎಂದು ತಜ್ಞರ ಕೈಕಾಲು ಹಿಡಿಯುವುದು, ಮುನಿಸಿಕೊಂಡ ಲೇಖಕರಿಗೆ ಸಮಾಧಾನ ಹೇಳುವುದು ಎಲ್ಲ ಈಕೆಯ ತಲೆಗೆ. ದೊಡ್ಡ ಡಾಕ್ಟರು ಈ ಸಂಚಿಕೆಗೆ ನಿವೃತ್ತರಾಗುತ್ತಿದ್ದರು. ಆ ಕುರ್ಚಿ ತನಗೇ ಬರಬೇಕು ಎಂದು ಆಕೆ ಮನೆಯಲ್ಲಿ ಗಂಡನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕೆಲಸ ಕಣ್ಣೆದುರಿಗಿತ್ತಲ್ಲ, ಹೇಳುವುದೇನಿದೆ?

ಮೊದಲ ಪುಟದಲ್ಲಿ ದೊಡ್ಡ ಡಾಕ್ಟರ ವಿದಾಯದ ಸಂಪಾದಕೀಯ. ಅದರ ನಡುವೆ ಹೀಗಿತ್ತು: ‘ಈ ಹೊಣೆಯನ್ನು ಮೊದಲು ನಮ್ಮ ಉಪಸಂಪಾದಕಿಗೇ ವಹಿಸಲು ಮುಂದಾಗಿದ್ದೆವು. ಕೌಟುಂಬಿಕ ಕಾರಣಗಳಿಂದ ಅವರು ವಿನಯದಿಂದ ನಿರಾಕರಿಸಿದರು. ಮಹಿಳೆಯರು ತಾವಾಗಿಯೇ ಹಿಂದೆ ಸರಿದರೆ ನಾವೇನು ಮಾಡಲು ಸಾಧ್ಯ?’ ಕೆಳಗೆ ಹೊಸ ಪ್ರಧಾನ ಸಂಪಾದಕನ ಫೋಟೊ. ಹೋದ ವರ್ಷವಷ್ಟೇ ಈಕೆಯ ಪಕ್ಕ ಕೂತು ಲೇಖನ ತಿದ್ದುವುದು ಕಲಿತ ಸರ್ಜನ್ನು.

ಯಾವಾಗ ಕೇಳಿದರು? ಯಾರು ನಿರಾಕರಿಸಿದರು? ಅದಕ್ಕೆ ವಿನಯ ಬೇರೆ ಕೇಡು! ಮೈಯೆಲ್ಲ ಉರಿದು, ಆಕೆ ಅಲ್ಲಿಂದಲೇ ದೊಡ್ಡ ಡಾಕ್ಟರಿಗೆ ಫೋನು ಹಚ್ಚಿದಳು.

“ಸರ್, ನಾನು ಯಾವಾಗ ಬೇಡ ಅಂದೆ?”

“ಅಯ್ಯೋ, ನಿಮ್ಮ ಯಜಮಾನ್ರ ಹತ್ರ ಹೋದ ತಿಂಗಳೇ ಮಾತಾಡಿದ್ನಲ್ಲಮ್ಮ. ಸಮ್ಮೇಳನದ ಊಟದಲ್ಲಿ ಸಿಕ್ಕಿದ್ರು. ಅಮ್ಮನಿಗೆ ವಯಸ್ಸಾಗಿದೆ, ಅವಳಿಗೆ ಪುರುಸೊತ್ತಿಲ್ಲ, ಒಪ್ಪೋದಿಲ್ಲ ಅಂದ್ರು. ನಿಮಗೆ ಮುಜುಗರ ಆಗಬಾರ್ದು ಅಂತ ನಾನೂ ಮತ್ತೆ ಕೇಳ್ಲಿಲ್ಲ.”

“ಚಹಾ ಕುಡಿಯೋಕೆ ನನ್ನ ಕೋಣೆಗೆ ಬರ್ತಾನೇ ಇದ್ರಲ್ಲ ಸರ್.”

“ಗಂಡ ಹೆಂಡ್ತಿ ಅಂದ್ಮೇಲೆ ಯಾರನ್ನ ಕೇಳಿದ್ರೂ ಒಂದೇ ಅಲ್ವೇನಮ್ಮ?”

ಒಂದು ಮಾತ್ರೆ ಕೆಲಸ ಮಾಡುತ್ತದೆ ಎಂದು ನಂಬಲು ಮೂರು ಆಸ್ಪತ್ರೆಗಳ ಪುರಾವೆ ಕೇಳುವ ಜನ ಇವರು. ಹೆಂಗಸಿನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಮಾತ್ರ, ತಟ್ಟೆ ಹಿಡಿದು ನಿಂತ ಗಂಡನ ಒಂದು ಮಾತು ಸಾಕಾಯಿತು. ಆಕೆ ಪ್ರೂಫ್ ಚೀಲಕ್ಕೆ ತುರುಕಿಕೊಂಡು ಮನೆಗೆ ನಡೆದಳು.

ಮನೆಯಲ್ಲಿ ಅತ್ತೆ ಟಿವಿಯಲ್ಲಿ ಟೆನಿಸ್ ನೋಡುತ್ತಿದ್ದರು. ಮೂಳೆ ಡಾಕ್ಟರಾದ ಗಂಡ ಸೋಫಾದ ಮೇಲೆ ಕಾಲು ಚಾಚಿದ್ದ.

“ನನ್ನ ಪರವಾಗಿ ಬೇಡ ಅನ್ನೋಕೆ ನೀವ್ಯಾರು?”

ಅವನಿಗೆ ತಕ್ಷಣ ಅರ್ಥವಾಯಿತು. ಕಾಲು ಕೆಳಗಿಳಿಸಿದ. “ಊಟದ ಮಧ್ಯೆ ಕೇಳಿದ್ರು ಕಣೆ, ಬಾಯಿಗೆ ಬಂದದ್ದು ಹೇಳ್ದೆ. ನಿನ್ನ ಒಳ್ಳೇದಕ್ಕೇ. ಈಗಲೇ ನಿನಗೆ ಉಸಿರಾಡೋಕೆ ಸಮಯ ಇಲ್ಲ. ಅಮ್ಮನ್ನ ಯಾರು ನೋಡ್ಕೋತಾರೆ?”

ಅತ್ತೆ ಟಿವಿಯ ಸದ್ದು ನಿಲ್ಲಿಸಿದರು. “ನನ್ನನ್ಯಾಕೋ ಮಧ್ಯೆ ಎಳೀತೀಯ? ನನ್ನ ಮಾತ್ರೆ ನಾನೇ ತಗೋತೀನಿ, ನನ್ನ ಬಟ್ಟೆ ನಾನೇ ಮಡಚ್ಕೋತೀನಿ. ದಿನಾ ಬೆಳಿಗ್ಗೆ ನಿನ್ನ ಕಾಲುಚೀಲ ಹುಡುಕಿಕೊಡೋಳೂ ನಾನೇ. ಹೆಂಡ್ತಿ ನಿನಗಿಂತ ದೊಡ್ಡೋಳಾಗ್ತಾಳೆ ಅಂತ ಹೊಟ್ಟೆ ಉರಿ ಬಂತು ಅಂತ ಹೇಳು. ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡ!”

ಗಂಡ ಸೋಫಾದ ಮೇಲಿನ ದಿಂಬು ಸರಿಮಾಡತೊಡಗಿದ. ಈ ಒಂದು ತಿಂಗಳು ಆಕೆ ಮುಂದಿನ ಸಂಚಿಕೆಗಳಲ್ಲಿ ಏನೇನು ಮಾಡಬೇಕು ಎಂದು ಹೇಳುತ್ತಿದ್ದಾಗ ಇವನು ಹ್ಞೂಂ, ಹ್ಞೂಂ ಎಂದು ತಲೆಯಾಡಿಸಿದ್ದ. ಹೇಳಲು ಎಷ್ಟು ಸಂಜೆಗಳಿದ್ದವು! ಅದು ನೆನಪಾಗಿ ಆಕೆಗೆ ದೊಡ್ಡ ಡಾಕ್ಟರ ಮೇಲಿನ ಸಿಟ್ಟಿಗಿಂತ ಇವನ ಮೇಲೆ ಹೆಚ್ಚು ಸಿಟ್ಟು ಬಂತು.

“ಫೋನ್ ಮಾಡಿ. ಹೇಳಿದ್ದು ಸುಳ್ಳು ಅಂತ ಹೇಳಿ.”

ಅವನು ಮಾಡಿದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಏನೋ ಗೊಂದಲವಾಗಿದೆ ಸರ್, ನೋಡಿ ಸರ್, ಎಂದು ಗೊಣಗಿದ. ಆಕೆ ಫೋನು ಕಿತ್ತುಕೊಂಡಳು.

“ಸಮಿತಿ ಆಗ್ಲೇ ಒಪ್ಪಿಬಿಟ್ಟಿದೆಯಮ್ಮ,” ಎಂದರು ದೊಡ್ಡ ಡಾಕ್ಟರು. “ಆ ಹುಡುಗನಿಗೂ ಹೇಳಿಯಾಯ್ತು. ಐದು ವರ್ಷ ಅಷ್ಟೇ ತಾನೇ, ಮುಂದಿನ ಸಲ ಖಂಡಿತಾ ನಿಮಗೇ. ಬೇಕಿದ್ರೆ ಆ ಸಾಲು ತೆಗೆದುಬಿಡಿ.”

ಕುರ್ಚಿ ಹೋಗಿತ್ತು. ಇವನೆದುರು ಅಳಬಾರದು ಎಂದು ಹಲ್ಲು ಕಚ್ಚಿದಳು. ಸಾಲು ತೆಗೆದರೆ ಏನೂ ನಡೆದೇ ಇಲ್ಲ ಎಂದಾಗುತ್ತದೆ. ಇಟ್ಟರೆ, ನಾಳೆ ಯಾವ ಹುಡುಗಿ ಆ ಕುರ್ಚಿ ಕೇಳಿದರೂ ‘ನೋಡಮ್ಮ, ಮೇಡಮ್ಮೇ ಬೇಡ ಅಂದರಂತೆ’ ಎಂದು ಈ ಪುಟ ತೋರಿಸುತ್ತಾರೆ.

“ತೆಗೆಯೋದಿಲ್ಲ ಸರ್. ತಪ್ಪಿದ್ರೆ ತಿದ್ದೋದು ನಮ್ಮ ಪದ್ಧತಿ. ಹೀಗೆ ಹಾಕ್ತೀನಿ, ಕೇಳಿ. ‘ಉಪಸಂಪಾದಕಿಯನ್ನು ನಾವು ಕೇಳಲಿಲ್ಲ. ಅವರ ಗಂಡನನ್ನು ಕೇಳಿದೆವು. ಗಂಡ ಬೇಡ ಎಂದರು.’”

“ಏನಮ್ಮಾ ಇದು! ಇದು ಅಚ್ಚಾದ್ರೆ ನನ್ನ ಮರ್ಯಾದೆ ಏನಾಗ್ಬೇಕು? ನಿಮ್ಮ ಯಜಮಾನ್ರದ್ದು?”

“ನನ್ನ ಮರ್ಯಾದೆ ಅಚ್ಚಿಗೆ ಹೋಗಿ ಕೂತಿತ್ತಲ್ಲ ಸರ್, ಆಗ ಯಾರೂ ಕೇಳ್ಲಿಲ್ಲ. ಈ ಮೂರರಲ್ಲಿ ಸುಳ್ಳು ಯಾವುದು ಹೇಳಿ. ಅದನ್ನ ಈಗಲೇ ಹೊಡೆದುಹಾಕ್ತೀನಿ.”

ಆ ಕಡೆ ದೊಡ್ಡ ಡಾಕ್ಟರು “ಅಲ್ಲಮ್ಮ, ಅದು...” ಎಂದು ಕೆಮ್ಮಿದರು. ಈ ಕಡೆ ಗಂಡ ಎದ್ದು ನಿಂತು, ಎರಡೂ ಕೈ ಅಲ್ಲಾಡಿಸಿ ಬೇಡ, ಬೇಡ ಎಂದು ಸನ್ನೆ ಮಾಡುತ್ತಿದ್ದ. ಈಗಲೂ ಬೇಡ ಎನ್ನುವವನು ಅವನೇ.

“ಹಾಗಾದ್ರೆ ಮೂರೂ ಇರ್ಲಿ,” ಎಂದು ಆಕೆ ಫೋನನ್ನು ಅವನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೆ ಹೊರಟಳು.