ಕರಿ ಚಹಾದ ಖಮೀರ

ಬರಣಿಯ ಬಾಯಿಗೆ ಕಟ್ಟಿದ ಹಸಿರು ಬಟ್ಟೆ ಒಂದಿಷ್ಟು ಉಬ್ಬಿತೇನೋ, ಇಲ್ಲ, ಗಾಳಿ ಇರಬೇಕು, ಶೇಖವ್ವ ಸಗಣಿಗೈಯಲ್ಲೇ ನಿಂತಳು — ಉಬ್ಬಿದೆ, ಖರೇನೇ ಉಬ್ಬಿದೆ, ಇವತ್ತು ಉಬ್ಬಿ ಯಾರಿಗೆ ಬೇಕು, ದುರಗಿಯ ಹಳೆ ಲಂಗದ ತುಂಡು ಅದು, ಸಾರಿಸಿದ ನೆಲ ಒಣಗುತ್ತಿದೆ, ದುರಗಿಯ ಚಾಪೆ ಇದ್ದಷ್ಟು ಜಾಗ ಮಾತ್ರ ಬಿಟ್ಟಿದ್ದಾಳೆ, ಅಲ್ಲಿಗೆ ಕೈ ಹೋಗುವುದಿಲ್ಲ, ಮೊನ್ನೆಯವರೆಗೆ ಮಗಳು ಅಲ್ಲೇ ಇದ್ದಳು, ಜಿಲ್ಲೆ ಮೈಸೂರು ರಾಜ್ಯಕ್ಕೆ ಕೂಡಿದ ವರ್ಷ ಹುಟ್ಟಿದ ಕೂಸು, ವಿಷಮಜ್ವರದಲ್ಲಿ ಸವೆದ ಮೈ, ರೊಟ್ಟಿ ಬ್ಯಾಡ, ಖಾರ ಬ್ಯಾಡ, ಹಾಲಾಗ ಅದ್ದಿ ಬ್ರೆಡ್ ಕೊಡ್ರಿ ಅಂದಿದ್ದರು ಹಾನಗಲ್ಲಿನ ಡಾಕ್ಟರು, ಮರುದಿನವೇ ಹಳ್ಳ ತುಂಬಿ ಬಂದು ಬಸ್ಸು ನಿಂತಿತು, ತಿಳವಳ್ಳಿಗೆ ಬ್ರೆಡ್ ಎಲ್ಲಿಂದ ಬರಬೇಕು, ಅವ್ವಾ, ಬ್ರೆಡ್ ಹೆಂಗಿರತೈತಿ, ಮೆತ್ತಗಿರತೈತವ್ವ, ಹತ್ತಿಯಂಗನ, ಹತ್ತಿಗಿಂತ ಮೆತ್ತಗ — ತಾನೂ ತಿಂದವಳಲ್ಲ, ಸುಮ್ಮನೆ ಹೇಳಿದ್ದು.

ಪೇಟೆಯ ಬೇಕರಿಯಲ್ಲಿ ದುಡಿಯುವ ಗೌಸಸಾಬ, ಅಕ್ಕನ ಮನೆಗೆಂದು ಬಂದು ಹಳ್ಳದ ಈ ಕಡೆ ಸಿಕ್ಕಿಬಿದ್ದವನು, ಕಟ್ಟೆಯ ಮೇಲೆ ಕುಂತು ಹೇಳಿಕೊಟ್ಟ, ಬ್ರೆಡ್ಡಿಗೆ ಖಮೀರ ಬೇಕವ್ವ, ಮೊಸರಿಗೆ ಹೆಪ್ಪು ಇದ್ದಂಗ, ಚಹಾ ಕಾಸಿ ಆರಿಸು, ಸಕ್ಕರಿ ಹಾಕು, ಮೈದಾ ಕಲಸಿ ಬಟ್ಟಿ ಕಟ್ಟಿಡು, ದಿನಾ ಒಂದ್ ಮುಷ್ಟಿ ಮೈದಾ ಉಣಿಸು, ಉಬ್ಬಿತಂದ್ರ ಜೀವ ಬಂತು ಅಂತ ತಿಳಿ. ಚಹಾ ಅಂದರೆ ಚಹಾ, ಈ ಮನೆಯಲ್ಲಿ ಯಾರಿಗೂ ಕರಿ ಚಹಾ ಕೊಟ್ಟದ್ದಿಲ್ಲ, ಮನೆಗೆ ಬಂದವರಿಗೆ ಅದು ಅವಮಾನ, ಇದಂತೂ ಮಗಳಿಗೆ, ಎಮ್ಮೆಯ ಹಾಲು, ಕೆನೆ ಸಮೇತ ಸುರಿದಳು, ಕೈ ತಡೆಯಲಿಲ್ಲ — ಕೊಳೆತು ಬೂಷ್ಟು ಹಿಡಿಯಿತು, ದುರಗಿ ಮೂಗು ಮುಚ್ಚಿಕೊಂಡು ನಕ್ಕಳು, ಅವ್ವಾ, ನಿನ್ನ ಬ್ರೆಡ್ ಸತ್ತ ಇಲಿಯಂಗ ನಾರತೈತಿ, ಅದೇ ಅವಳ ಕೊನೆಯ ನಗು, ಗೌಸಸಾಬ ಮೂಸಿ ನೋಡಿ ಹಣೆ ಬಡಿದುಕೊಂಡ, ಇದು ನಿಮ್ಮ ಬೀಗರಲ್ಲವ್ವ, ಖಮೀರ, ಹಾಲಿನ ಉಪಚಾರ ಬ್ಯಾಡ ಇದಕ್ಕ, ಚೆಲ್ಲಿ, ಬರಣಿ ತಿಕ್ಕಿ, ಕರಿ ಚಹಾ ಕಾಸಿ ಮತ್ತೆ ಮೊದಲಿನಿಂದ, ಹೋದ ದಿನಗಳನ್ನು ಯಾರು ತಿರುಗಿ ಕೊಡಬೇಕು, ದುರಗಿ ಬರಣಿಗೆ ಕಿವಿ ಹಚ್ಚುತ್ತಿದ್ದಳು, ಉಸಿರಾಡಾಕತ್ತೈತೇನವ್ವ, ಇನ್ನೂ ಇಲ್ಲ ಕೂಸ, ಮತ್ತ ಯಾವಾಗ, ನೀ ಮಲಗಿ ಎದ್ದ ಮ್ಯಾಲ. ಮಲಗಿದಳು.

ಸೂತಕದ ಮನಿಯಾಗ ಹುಳಿ ಇಡಬಾರದವ್ವ, ಮೊಸರು ಚೆಲ್ಲಿದ್ವಿ, ಹೆಪ್ಪೂ ಚೆಲ್ಲಿದ್ವಿ, ಅದೊಂದ್ ಬರಣಿ ಯಾಕ ಉಳಿಸಿದಿ, ಹಿತ್ತಲಿನಿಂದ ಅತ್ತೆ ಅಡಿವೆವ್ವ, ಬೈಗುಳವಿಲ್ಲದ, ಅತ್ತು ಸೋತ ದನಿ, ಚೆಲ್ಲತೇನ್ರಿ ಅತ್ತಿ, ಚೆಲ್ಲತೇನಿ — ಕೈ ತೊಳೆದು ಬರಣಿ ಎತ್ತಿಕೊಂಡಳು, ಬಾಗಿಲವರೆಗೆ ಹೋದಳು, ಎದೆಗೆ ಆನಿಸಿದ್ದು ಬೆಚ್ಚಗಿದೆ, ಒಳಗೊಂದು ಗುಳ್ಳೆ ಒಡೆಯುತ್ತದೆ, ಮತ್ತೊಂದು, ಇವತ್ತು ಇನ್ನೂ ಉಣಿಸಿಲ್ಲ, ಹಸಿದಿರಬೇಕು, ಹಸಿದದ್ದನ್ನು ಹೇಗೆ ಚೆಲ್ಲುವುದು, ಉಣಿಸಿ ಚೆಲ್ಲಿದರಾಯಿತು, ತಿರುಗಿ ಬಂದಳು, ಸಾರಿಸದ ಜಾಗದಲ್ಲಿ ಇಟ್ಟಳು, ಒಂದು ಮುಷ್ಟಿ ಮೈದಾ, ಮತ್ತೆ ಬಟ್ಟೆ ಕಟ್ಟಿದಳು, ಚೆಲ್ಲಿದ್ಯೇನ ಶೇಖಾ, ಹೂನ್ರಿ, ಕಿಟಕಿ ಮುಚ್ಚಿದೆ, ಗಾಳಿಯಿಲ್ಲ, ಹಸಿರು ಲಂಗದ ತುಂಡು ಏಳುತ್ತದೆ, ಇಳಿಯುತ್ತದೆ, ಏಳುತ್ತದೆ —