ಗೋಣಿಚೀಲದಡಿಯ ಹುಳು

ಈ ಸಲ ಹುಲ್ಲುಗಾವಲಿಗೆ ಹುಳು ಬೀಳಲು ಬಿಡುವುದಿಲ್ಲ ಎಂದು ಅಣ್ಣನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಹೇಳುವುದಕ್ಕೆ ಧೈರ್ಯವೂ ಇತ್ತು, ಬಾಯಿಯಂತೂ ಇದ್ದೇ ಇತ್ತು. ಹೋದ ವರ್ಷ ಸೈನಿಕ ಹುಳು ಬಂದು ನಾಲ್ಕೇ ದಿನದಲ್ಲಿ ಅಷ್ಟೂ ಹುಲ್ಲನ್ನು ನುಂಗಿ ನೀರು ಕುಡಿದಿತ್ತು. ಒಣಮೇವು ತಿಂದ ಹಸುಗಳ ಹಾಲು ಅರ್ಧಕ್ಕಿಳಿದಿತ್ತು. ಅಪ್ಪ ಜಮೀನಿನ ಯಜಮಾನಿಕೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟು ಮೂರು ವರ್ಷವಾಗಿದೆ. ಈಗ ಅವನದೇ ಮಾತು.

"ಇನ್ನೊಂದ್ಸಲ ಹುಳು ತಿಂದ್ರೆ ಪೂರ್ತಿ ಉತ್ತು ಶುಂಠಿ ಹಾಕ್ತೀನಿ. ಹಸುಗಳನ್ನ ಮಾರಿಬಿಡೋಣ," ಎಂದಿದ್ದ.

ಆರು ಹಸು. ಆರನ್ನೂ ಕರುವಿನಿಂದ ಸಾಕಿದವಳು ನಾನು. ಮಾರುವುದಂತೆ!

"ಒಂದು ವರ್ಷ ನನ್ನ ಕೈಗೆ ಬಿಡು," ಎಂದೆ. "ಹುಳು ಹರಡಿದ್ಮೇಲೆ ಔಷಧಿ ಹೊಡೆಯೋದು ಅಂದ್ರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ."

ನನ್ನ ಉಪಾಯ ದೊಡ್ಡದೇನಲ್ಲ. ಈ ಹುಳು ಕತ್ತಲಲ್ಲಿ ತಿನ್ನುತ್ತದೆ, ಬೆಳಕು ಹರಿಯುವ ಹೊತ್ತಿಗೆ ತಂಪು ಹುಡುಕಿ ಅಡಗುತ್ತದೆ. ಸಂಜೆ ಹತ್ತು ಒದ್ದೆ ಗೋಣಿಚೀಲಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಹಾಸಿ, ಬೆಳಿಗ್ಗೆ ಎತ್ತಿ ಎಣಿಸಬೇಕು. ಒಂದು ಚೀಲದಡಿ ಹತ್ತು ಮರಿಹುಳು ದಾಟಿದರೆ ಅವತ್ತೇ ಅಲ್ಲಿಗೆ ಹಸುಗಳನ್ನು ಬಿಟ್ಟು ಹುಲ್ಲು ಗಿಡ್ಡ ಮಾಡಿಸಬೇಕು, ಹಿಂದೆಯೇ ಕೋಳಿಗಳನ್ನು ಬಿಡಬೇಕು. ಅಡಗಲು ಹುಲ್ಲಿಲ್ಲದ ಹುಳುವನ್ನು ಕೋಳಿ ಬಿಡುತ್ತದೆಯೇ?

ಮೊದಲ ಐದು ದಿನ ಎತ್ತಿದ ಚೀಲದಡಿಯೆಲ್ಲ ಸೊನ್ನೆ. ತಿಂಡಿಯ ಹೊತ್ತಿಗೆ ನಾನು ಬಾಗಿಲಿನಿಂದಲೇ "ಸೊನ್ನೆ!" ಎಂದು ಕೂಗಿಕೊಂಡು ಬರುತ್ತಿದ್ದೆ. ಅಪ್ಪ ಆ ಹೊತ್ತಿಗೆ ಕೋಳಿಗೂಡಿನ ಹತ್ತಿರ ಇರುತ್ತಿದ್ದರು. "ಬಂದ್ಳು ಜಂಭದ ಕೋಳಿ," ಎಂದು ಅಣ್ಣ ತಟ್ಟೆಯಿಂದ ತಲೆ ಎತ್ತದೆ ಹೇಳಿದರೆ ಅತ್ತಿಗೆ ಕಿಸಕ್ಕೆಂದು ನಗುತ್ತಿದ್ದಳು. ನಗಲಿ ಬಿಡಿ, ನನಗೇನು!

ಆರನೆಯ ದಿನ ಹಸುವೊಂದು ಹಗ್ಗ ಕಿತ್ತುಕೊಂಡು ಗಲಾಟೆ ಮಾಡಿದ್ದರಿಂದ ಮಾಮೂಲಿಗಿಂತ ಬೇಗ ಹೊರಗೆ ಬಂದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಹುಲ್ಲುಗಾವಲಿನಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತು, ಗೋಣಿಚೀಲ ಎತ್ತಿ, ಹುಳುಗಳನ್ನು ಒಂದೊಂದಾಗಿ ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದರು. ಆಮೇಲೆ ಚೀಲವನ್ನು ಇದ್ದ ಹಾಗೆಯೇ ಹಾಸಿ ಅಂಚು ಸರಿಮಾಡಿದರು.

"ಅಪ್ಪಾ! ಏನ್ ಮಾಡ್ತಿದ್ದೀರಿ?"

"ಕೋಳಿಗೆ ಹಾಕೋಕೆ ಕಣಮ್ಮ. ದಿನಾ ಸಿಗುತ್ತೆ," ಎಂದರು ಖುಷಿಯಾಗಿ. "ಮೊಟ್ಟೆ ಜಾಸ್ತಿ ಆಗಿದೆ, ನೋಡ್ಲಿಲ್ವಾ?"

"ಅಯ್ಯೋ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ! ಚೀಲ ಹಾಸಿದ್ದು ಹುಳು ಎಣಿಸೋದಕ್ಕೆ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀನೂ ಒಂದು ಮಾತು ಹೇಳ್ಲಿಲ್ವಲ್ಲಮ್ಮ," ಎಂದರು ಅಪ್ಪ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳ ಆಡಿ ಹಗುರಾಗುತ್ತಿದ್ದೆ.

ಅಣ್ಣನಿಗೆ ಹೇಳಿದ್ದೆ. ಅತ್ತಿಗೆಗೆ ಹೇಳಿದ್ದೆ. ಹಾಲಿನ ವ್ಯಾನಿನವನನ್ನು ನಿಲ್ಲಿಸಿಕೊಂಡು ಅವನಿಗೂ ಕೊಚ್ಚಿಕೊಂಡಿದ್ದೆ. ಇದೇ ನೆಲದಲ್ಲಿ ನಲವತ್ತು ವರ್ಷ ದುಡಿದ ಅಪ್ಪನಿಗೆ ಹೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ. ನಾನೂ ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ.

"ದಿನಾ ಎಷ್ಟು ಸಿಗ್ತಿತ್ತಪ್ಪಾ?" ಎಂದು ಮೆಲ್ಲಗೆ ಕೇಳಿದೆ.

"ಅತ್ತಲಿನ ಎಂಟು ಚೀಲದಡಿ ಒಂದೋ ಎರಡೋ. ಈ ಕಾಲುವೆ ಪಕ್ಕದ ಎರಡರ ಅಡಿ ಮಾತ್ರ ಏರ್ತಾ ಇದೆ. ಮೊದಲ ದಿನ ತಲಾ ಮೂರು, ಆಮೇಲೆ ನಾಲ್ಕು, ಆರು, ಏಳು, ನಿನ್ನೆ ಒಂಬತ್ತು. ಇವತ್ತು ಹದಿನಾಲ್ಕು."

"ಎಣಿಸಿದ್ರಾ?"

"ಮತ್ತೆ? ಕೋಳಿಗಳಿಗೆ ಸಮನಾಗಿ ಹಂಚಬೇಡ್ವಾ?"

ಹತ್ತು ದಾಟಿದ್ದು ಅವತ್ತೇ. ಒಂದು ದಿನವೂ ಕೈತಪ್ಪಿರಲಿಲ್ಲ! ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ತಿಂಡಿಯೂ ಬೇಡ, ಗಿಂಡಿಯೂ ಬೇಡ. ಕಾಲುವೆ ಪಕ್ಕದ ಪಟ್ಟಿಗೆ ಅಪ್ಪನೂ ನಾನೂ ತಂತಿ ಎಳೆದು ಆರೂ ಹಸುಗಳನ್ನು ಒಳಗೆ ನುಗ್ಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಕೋಳಿಗಳ ಗಾಲಿಗೂಡನ್ನೂ ತಳ್ಳಿಕೊಂಡು ಬಂದೆವು.

ವಿಷಯ ಕೇಳಿ ಅಣ್ಣ ಧಾವಿಸಿ ಬಂದ. "ನಾನು ಕೂಗಿದ ಸೊನ್ನೆಯೆಲ್ಲ ತಪ್ಪು," ಎಂದು ನಾನೇ ಮೊದಲು ಒಪ್ಪಿಕೊಂಡೆ. ಅವನು ನನ್ನನ್ನೂ ಮೇಯುತ್ತಿದ್ದ ಹಸುಗಳನ್ನೂ ನೋಡಿ, "ನಾಲ್ಕು ದಿನ ಕೊಡ್ತೀನಿ. ಆಮೇಲೆ ನೇಗಿಲು," ಎಂದ.

ನಾಲ್ಕನೆಯ ಬೆಳಿಗ್ಗೆ ಅವನ ಎದುರಿಗೇ ಅಪ್ಪ ಚೀಲಗಳನ್ನು ಎತ್ತಿದರು. ಕಾಲುವೆ ಪಕ್ಕದ ಒಂದರ ಅಡಿ ಎರಡು ಹುಳು, ಇನ್ನೊಂದರ ಅಡಿ ಒಂದು. ಆಚೆಯ ಹುಲ್ಲು ಮೊಣಕಾಲೆತ್ತರ ಹಾಗೇ ನಿಂತಿತ್ತು.

"ನೋಡಿದ್ಯಾ?" ಎಂದೆ.

"ನಿನ್ನ ಸೊನ್ನೆ ಕೇಳಿ ಕೇಳಿ ಸಾಕಾಗಿದೆ, ಸುಮ್ನಿರು," ಎಂದ ಅಣ್ಣ. ಆಮೇಲೆ ಅಪ್ಪನ ಕಡೆ ತಿರುಗಿದ. "ಏನ್ ಮಾಡೋಣಪ್ಪಾ? ಉಳೋದಾ, ಬಿಡೋದಾ?"

ಮೂರು ವರ್ಷದಲ್ಲಿ ಅವನು ಅಪ್ಪನನ್ನು ಹೀಗೆ ಕೇಳಿದ್ದು ಅದೇ ಮೊದಲು. ಅಪ್ಪ ನಮ್ಮಿಬ್ಬರನ್ನೂ ಅಲ್ಲೇ ಕಾಯಿಸಿ, ಹುಲ್ಲುಗಾವಲಿನ ಆ ತುದಿಯವರೆಗೆ ನಿಧಾನವಾಗಿ ನಡೆದು ವಾಪಸು ಬಂದರು.

"ಹುಲ್ಲಿರ್ಲಿ," ಎಂದರು. "ಹಸುಗಳೂ ಇರ್ಲಿ. ನಾನಿದ್ದೀನಲ್ಲ."